ಹುಡುಗಿಯ ತಪ್ಪಲ್ಲ, ಕಮಾಂಡಿನ ತಪ್ಪು



ಕಳೆದ ಮಳೆಗಾಲದ ಒಂದು ಮಧ್ಯಾಹ್ನ. ನಮ್ಮ ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಲಿಟಲ್ ಕೈಟ್ಸ್ ಮಕ್ಕಳ ತರಗತಿ ನಡೆಯುತ್ತಿತ್ತು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಪೈಥಾನ್‌ನಲ್ಲಿ ಸರಾಸರಿ ಅಂಕ ಕಂಡುಹಿಡಿಯುವ ಸಣ್ಣ ಪ್ರೋಗ್ರಾಂ ಬರೆದಿದ್ದಳು. ಐದು ವಿಷಯ, ಒಂದೊಂದಕ್ಕೂ 50 ಅಂಕ. ಅವಳು ಕೊಟ್ಟ ಅಂಕಗಳು 38, 42, 35, 40, 45. ಒಟ್ಟು 200. ಐದರಿಂದ ಭಾಗಿಸಿದರೆ 40 ಬರಬೇಕು. ಪರದೆಯ ಮೇಲೆ ಬಂದದ್ದು 200.0.

“ಟೀಚರ್, ಐವತ್ತರಲ್ಲಿ ಇನ್ನೂರು!” ಎಂದು ಪಕ್ಕದವರು ನಕ್ಕರು. ಅವಳೂ ನಕ್ಕಳು. ಇಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು.

ತಪ್ಪು ಎಲ್ಲಿದೆ ಎಂದು ನಾನೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಪೈಥಾನ್ ಜೊತೆಗೇ ಬರುವ ಪಿಡಿಬಿ ಎಂಬ ಡೀಬಗರನ್ನು ತೋರಿಸಿಕೊಟ್ಟೆ. ಸರಾಸರಿ ಲೆಕ್ಕ ಮಾಡುವ ಸಾಲಿನ ಮೇಲೆ ‘ಬ್ರೇಕ್‌ಪಾಯಿಂಟ್’ ಎಂದು ಒಂದು ಸಾಲು ಸೇರಿಸಿದರೆ ಪ್ರೋಗ್ರಾಂ ಅಲ್ಲಿಯೇ ನಿಲ್ಲುತ್ತದೆ. ಆಗ ಯಾವ ವೇರಿಯೇಬಲ್‌ನಲ್ಲಿ ಎಷ್ಟು ಬೆಲೆ ಇದೆ ಎಂದು ನೋಡಬಹುದು. ಅವಳು ವಿಷಯಗಳ ಸಂಖ್ಯೆಯನ್ನು ‘ಎನ್’ ಎಂಬ ವೇರಿಯೇಬಲ್‌ನಲ್ಲಿ ಇಟ್ಟಿದ್ದಳು. “ಈಗ ಎನ್ ಎಷ್ಟು ಉಂಟು ನೋಡು” ಎಂದು ಹೇಳಿ ನಾನು ಇನ್ನೊಂದು ಕಂಪ್ಯೂಟರಿನ ಕಡೆಗೆ ಹೋದೆ.

ಅವಳು ‘ಎನ್’ ಎಂದು ಟೈಪ್ ಮಾಡಿ ಎಂಟರ್ ಒತ್ತಿದಳು. ಬೆಲೆ ಬರಲಿಲ್ಲ. ಪರದೆಯ ಬಾಣ ಮುಂದಿನ ಸಾಲಿಗೆ ಹೋಯಿತು. ಮತ್ತೊಮ್ಮೆ ‘ಎನ್’ ಒತ್ತಿದಳು. ಅದೇ ಹಳೆಯ 200.0 ಬಂತು. ಇನ್ನೂ ಒಂದೆರಡು ಸಲ ಒತ್ತುವಷ್ಟರಲ್ಲಿ ಪ್ರೋಗ್ರಾಂ ಮುಗಿದೇ ಹೋಯಿತು. ನಾನು ಹಿಂದಿರುಗಿ ಬಂದಾಗ ಅವಳು ಕೈಕಟ್ಟಿ ಕುಳಿತಿದ್ದಳು. “ಎಂತಾಯ್ತು?” ಎಂದೆ. ಅವಳು ಹೇಳಿದ ಮಾತು ಇದು: “ನಂಗೆ ಇಂಗ್ಲಿಷ್ ಸರಿ ಬರೂದಿಲ್ಲ ಅಲ್ವಾ ಟೀಚರ್, ಅದಕ್ಕೇ ಆಗ್ತಾ ಇಲ್ಲ.”

ಮಕ್ಕಳೇ, ಈ ಲೇಖನ ಬರೆಯಲು ಕಾರಣ ಆ ಒಂದು ಮಾತು. ಆ ಹುಡುಗಿಗೆ ಇಂಗ್ಲಿಷ್ ಎಷ್ಟು ಬರುತ್ತದೆ ಎಂಬುದಕ್ಕೂ ಅಲ್ಲಿ ನಡೆದದ್ದಕ್ಕೂ ಏನೂ ಸಂಬಂಧವಿರಲಿಲ್ಲ. ಲಂಡನ್ನಿನಲ್ಲಿ ಹುಟ್ಟಿದ ಹುಡುಗಿ ಒತ್ತಿದ್ದರೂ ಅಲ್ಲಿ ಅದೇ ಆಗುತ್ತಿತ್ತು. ಪಿಡಿಬಿಯಲ್ಲಿ ‘ಎನ್’ ಎಂದರೆ ‘ನೆಕ್ಸ್ಟ್’, ಅಂದರೆ ‘ಮುಂದಿನ ಸಾಲಿಗೆ ಹೋಗು’ ಎಂಬ ಕಮಾಂಡ್. ನಿಮ್ಮ ಪ್ರೋಗ್ರಾಮಿನಲ್ಲಿ ಅದೇ ಹೆಸರಿನ ವೇರಿಯೇಬಲ್ ಇದ್ದರೂ ಡೀಬಗರ್ ಮೊದಲು ನೋಡುವುದು ತನ್ನ ಕಮಾಂಡುಗಳ ಪಟ್ಟಿಯನ್ನು. ಬೆಲೆ ಬೇಕಾದರೆ ‘ಪಿ ಎನ್’ ಎಂದು ಕೇಳಬೇಕು. ‘ಪಿ’ ಎಂದರೆ ಪ್ರಿಂಟ್. ಹಾಗೆ ಕೇಳಿದಾಗ 1 ಎಂದು ಉತ್ತರ ಬಂತು. ಐದು ವಿಷಯ, ಎಣಿಕೆ ಒಂದೇ! “ಓ, ಎಣಿಸುವ ಸಾಲು ಲೂಪಿನ ಹೊರಗೆ ಹೋಗಿದೆ” ಎಂದು ಅವಳೇ ಕಂಡುಹಿಡಿದಳು. ಆ ಸಾಲನ್ನು ಸ್ವಲ್ಪ ಒಳಕ್ಕೆ ಸರಿಸಿದಳು. ಸರಾಸರಿ 40.0 ಬಂತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಕಮಾಂಡ್ ಬುದ್ಧಿವಂತ ಮಗುವಿಗೂ ಗೊಂದಲ ಹುಟ್ಟಿಸಿದರೆ ತಿದ್ದಬೇಕಾದದ್ದು ಆ ಕಮಾಂಡನ್ನು, ಮಗುವನ್ನಲ್ಲ. ಅದನ್ನು ತಿದ್ದಬಹುದು. ತಿದ್ದುವವರಲ್ಲಿ ನೀವೂ ಒಬ್ಬರಾಗಬಹುದು.

(ಒಂದು ಸೂಚನೆ: ಇಲ್ಲಿ ಕಮಾಂಡುಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ. ಕೀಬೋರ್ಡಿನಲ್ಲಿ ಇಂಗ್ಲಿಷ್ ಅಕ್ಷರಗಳನ್ನೇ ಒತ್ತಬೇಕು.)

ಡೀಬಗರ್ ಅಂದರೆ ಎಂತ?

ನಮ್ಮ ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಬೇಸಿಗೆಯಲ್ಲಿ ಸ್ಪ್ರಿಂಕ್ಲರ್ ಓಡುತ್ತದೆ. ಪಂಪು ಚಾಲೂ ಇದೆ, ಆದರೆ ಕೊನೆಯ ಜೆಟ್ಟಿಗೆ ನೀರು ಬರುತ್ತಿಲ್ಲ ಎಂದಿಟ್ಟುಕೊಳ್ಳಿ. ಆಗ ಅಪ್ಪ ಎಂತ ಮಾಡುತ್ತಾರೆ? ಪೈಪಿನ ಉದ್ದಕ್ಕೂ ನಡೆದು ಒಂದೊಂದು ಜಾಯಿಂಟಿನಲ್ಲಿ ಬಿಚ್ಚಿ ನೋಡುತ್ತಾರೆ. ಇಲ್ಲಿಗೆ ನೀರು ಬಂದಿದೆ, ಇಲ್ಲಿಗೂ ಬಂದಿದೆ, ಇಲ್ಲಿಗೆ ಬಂದಿಲ್ಲ. ಹಾಗಾದರೆ ಕಸ ಸಿಕ್ಕಿಕೊಂಡಿರುವುದು ಈ ಎರಡರ ನಡುವೆ. ಸೊಲ್ಲಾಪುರ, ಅಕ್ಕಲಕೋಟೆಯ ಕಡೆಯ ಮಕ್ಕಳು ಹನಿ ನೀರಾವರಿಯ ಪೈಪಿನಲ್ಲಿ ಇದನ್ನೇ ಕಂಡಿರಬಹುದು.

ಡೀಬಗರ್ ಮಾಡುವುದೂ ಇದನ್ನೇ. ಪ್ರೋಗ್ರಾಮನ್ನು ಬೇಕಾದ ಕಡೆ ನಿಲ್ಲಿಸುವುದು, ಒಳಗೆ ಏನಿದೆ ಎಂದು ನೋಡುವುದು, ಒಂದು ಹೆಜ್ಜೆ ಮುಂದೆ ಬಿಡುವುದು, ಮತ್ತೆ ನೋಡುವುದು. ಕೆಲವು ಡೀಬಗರುಗಳಲ್ಲಿ ಗುಂಡಿಗಳಿರುತ್ತವೆ, ಚಿತ್ರಗಳಿರುತ್ತವೆ. ಇನ್ನು ಕೆಲವದರಲ್ಲಿ ಟರ್ಮಿನಲ್ ಎಂಬ ಕಪ್ಪು ಪರದೆಯ ಮೇಲೆ ಅಕ್ಷರದಲ್ಲೇ ಆಜ್ಞೆ ಕೊಡಬೇಕು. ಪಿಡಿಬಿ, ಜಿಡಿಬಿ, ಎಲ್‌ಎಲ್‌ಡಿಬಿ ಎಲ್ಲ ಈ ಎರಡನೆಯ ಜಾತಿಯವು. ಇವುಗಳಲ್ಲಿ ಜಿಡಿಬಿಯನ್ನು 1986ರಲ್ಲಿ ರಿಚರ್ಡ್ ಸ್ಟಾಲ್‌ಮನ್ ತಮ್ಮ ಗ್ನೂ ಯೋಜನೆಗಾಗಿ ಬರೆದರು. ನಮ್ಮ ಕೇರಳದ ಶಾಲೆಗಳ ಕಂಪ್ಯೂಟರುಗಳಲ್ಲಿ ಓಡುವ ಗ್ನೂ/ಲಿನಕ್ಸ್ ಎಂಬ ಹೆಸರಿನ ಮೊದಲ ಅರ್ಧ ಬಂದಿರುವುದು ಅದೇ ಯೋಜನೆಯಿಂದ.

ಕಮಾಂಡುಗಳು ಇಷ್ಟು ಚಿಕ್ಕವು ಯಾಕೆ?

ಇದಕ್ಕೆ ಒಂದು ನ್ಯಾಯವಾದ ಕಾರಣ ಇತ್ತು. ಐವತ್ತು ಅರವತ್ತು ವರ್ಷಗಳ ಹಿಂದೆ ಹೆಚ್ಚಿನವರ ಬಳಿ ಇವತ್ತಿನಂಥ ಪರದೆ ಇರಲಿಲ್ಲ. ಟೆಲಿಟೈಪ್ ಎಂಬ ದೊಡ್ಡ ಟೈಪ್‌ರೈಟರಿನಂಥ ಯಂತ್ರ ಇತ್ತು. ನೀವು ಒತ್ತಿದ್ದನ್ನೂ ಕಂಪ್ಯೂಟರ್ ಕೊಟ್ಟ ಉತ್ತರವನ್ನೂ ಅದು ಕಾಗದದ ಮೇಲೆ ಕಟಕಟ ಎಂದು ಅಚ್ಚು ಹಾಕುತ್ತಿತ್ತು. ಬಹಳ ಕಡೆ ಬಳಕೆಯಲ್ಲಿದ್ದ ಟೆಲಿಟೈಪ್ 33 ಎಂಬ ಮಾದರಿಯ ವೇಗ ಸೆಕೆಂಡಿಗೆ 10 ಅಕ್ಷರ. ‘ಬ್ರೇಕ್‌ಪಾಯಿಂಟ್’ ಎಂಬ ಪದಕ್ಕೆ ಇಂಗ್ಲಿಷಿನಲ್ಲಿ ಹತ್ತು ಅಕ್ಷರ. ಆ ಒಂದು ಪದ ಅಚ್ಚಾಗಲು ಒಂದು ಸೆಕೆಂಡ್ ಬೇಕು. 60 ಅಕ್ಷರದ ಒಂದು ತಪ್ಪು ಸಂದೇಶಕ್ಕೆ ಆರು ಸೆಕೆಂಡ್. ಗಟ್ಟಿ ಕೀಲಿಗಳನ್ನು ಬೆರಳು ನೋಯುವ ಹಾಗೆ ಒತ್ತಬೇಕಿತ್ತು. ಹಾಗಾಗಿ ಕಮಾಂಡು ಒಂದಕ್ಷರ, ಎರಡಕ್ಷರ ಇದ್ದರೆ ಎಲ್ಲರಿಗೂ ಸುಖ.

ಯುನಿಕ್ಸ್ ಹುಟ್ಟಿದ್ದು ಆ ಕಾಲದಲ್ಲಿ. ಅದರ ‘ಎಡ್’ ಎಂಬ ಹಳೆಯ ಎಡಿಟರ್ ನೀವು ಯಾವ ತಪ್ಪು ಮಾಡಿದರೂ ಒಂದೇ ಉತ್ತರ ಕೊಡುತ್ತಿತ್ತು: ಒಂದು ಪ್ರಶ್ನಾರ್ಥಕ ಚಿಹ್ನೆ. ಅಷ್ಟೇ! ಏನು ತಪ್ಪು, ಯಾಕೆ ತಪ್ಪು ಎಂದು ನೀವೇ ಊಹಿಸಿಕೊಳ್ಳಬೇಕು. ಹೊಸ ಕಡತ ಸೃಷ್ಟಿಸುವ ಯುನಿಕ್ಸ್ ಕರೆಯ ಹೆಸರು ‘ಕ್ರಿಯೇಟ್’ ಎಂದಿರಬೇಕಿತ್ತು, ಆದರೆ ಅದರ ಕೊನೆಯ ‘ಇ’ ಅಕ್ಷರವನ್ನೇ ಬಿಟ್ಟಿದ್ದರು. ಯುನಿಕ್ಸನ್ನು ಮತ್ತೆ ಮೊದಲಿಂದ ಕಟ್ಟುವುದಾದರೆ ಏನು ಬದಲಾಯಿಸುತ್ತೀರಿ ಎಂದು ಕೇಳಿದಾಗ ಅದನ್ನು ಕಟ್ಟಿದ ಕೆನ್ ಥಾಂಪ್ಸನ್ ಆ ‘ಇ’ಯನ್ನು ಸೇರಿಸುತ್ತೇನೆ ಎಂದರಂತೆ.

ಈಗ ನನ್ನ ಪ್ರಶ್ನೆ. ಟೆಲಿಟೈಪ್ ಹೋಗಿ ಎಷ್ಟು ಕಾಲವಾಯಿತು? ಇವತ್ತು ನಿಮ್ಮ ಮುಂದಿರುವ ಪರದೆ ಕಣ್ಣು ಮಿಟುಕಿಸುವುದರೊಳಗೆ ಇಡೀ ಪುಟ ತೋರಿಸುತ್ತದೆ. ಕಾರಣ ಹೋದ ಮೇಲೂ ಅಭ್ಯಾಸ ಉಳಿದುಕೊಂಡಿದೆ. ಎತ್ತು ಮಾರಿದ ಮೇಲೂ ಹಗ್ಗ ಕಟ್ಟುವ ಗೂಟ ಅಂಗಳದ ನಡುವೆಯೇ ಇದ್ದರೆ ಎಡವುವವರು ಯಾರು? ಮನೆಯವರಿಗೆ ಗೊತ್ತು, ಅವರು ದಾಟಿಕೊಂಡು ಹೋಗುತ್ತಾರೆ. ಎಡವುವುದು ಹೊಸದಾಗಿ ಬಂದವರು.

ಡೊನಾಲ್ಡ್ ನಾರ್ಮನ್ ಎಂಬ ಅಮೆರಿಕದ ಮನೋವಿಜ್ಞಾನಿ 1981ರಲ್ಲಿಯೇ ‘ಡೇಟಾಮೇಷನ್’ ಎಂಬ ಪತ್ರಿಕೆಯಲ್ಲಿ ಯುನಿಕ್ಸ್ ಕಮಾಂಡುಗಳ ಹೆಸರುಗಳನ್ನು ಖಾರವಾಗಿ ಟೀಕಿಸಿ ಬರೆದರು. ಮುಂದೆ 1988ರಲ್ಲಿ ಅವರು ದಿನಬಳಕೆಯ ವಸ್ತುಗಳ ವಿನ್ಯಾಸದ ಬಗ್ಗೆಯೇ ಒಂದು ಪುಸ್ತಕ ಬರೆದರು. ಒಂದು ಬಾಗಿಲನ್ನು ತಳ್ಳಬೇಕೋ ಎಳೆಯಬೇಕೋ ತಿಳಿಯದೆ ಜನ ತಡಕಾಡಿದರೆ ದೋಷ ಬಾಗಿಲಿನದು. ಆದರೆ ಜನ ತಮ್ಮನ್ನೇ ದಡ್ಡರು ಎಂದುಕೊಳ್ಳುತ್ತಾರೆ. ಇದು ಆ ಪುಸ್ತಕದ ಮುಖ್ಯ ಮಾತುಗಳಲ್ಲಿ ಒಂದು. ನಮ್ಮ ಲ್ಯಾಬಿನ ಹುಡುಗಿ ಮಾಡಿದ್ದು ಅದನ್ನೇ ಅಲ್ಲವೇ? ಬೇರೆಯವರು ‘ನಾನು ದಡ್ಡ’ ಎನ್ನುತ್ತಾರೆ. ನಮ್ಮ ಮಕ್ಕಳು ‘ನನಗೆ ಇಂಗ್ಲಿಷ್ ಬರುವುದಿಲ್ಲ’ ಎನ್ನುತ್ತಾರೆ. ಅಷ್ಟೇ ವ್ಯತ್ಯಾಸ.

ಇನ್ನೊಂದು ಗೂಟ

ಇದು ಪಿಡಿಬಿ ಒಂದರ ಕಥೆಯಲ್ಲ. ಜಿಡಿಬಿಯಲ್ಲಿ ವೇರಿಯೇಬಲ್‌ನ ಬೆಲೆ ಬದಲಾಯಿಸಲು ‘ಸೆಟ್’ ಎಂಬ ಕಮಾಂಡ್ ಬಳಸಬಹುದು. ಜಿಡಿಬಿಯ ಸ್ವಂತ ಸೆಟ್ಟಿಂಗುಗಳನ್ನು ಬದಲಾಯಿಸಲೂ ‘ಸೆಟ್’ ಎಂಬುದೇ ಕಮಾಂಡ್. ನಿಮ್ಮ ಪ್ರೋಗ್ರಾಮಿನಲ್ಲಿ ‘ವಿಡ್ತ್’ ಎಂಬ ವೇರಿಯೇಬಲ್ ಇದೆ ಎಂದುಕೊಳ್ಳಿ. ಜಿಡಿಬಿಗೂ ‘ವಿಡ್ತ್’ ಎಂಬ ಸೆಟ್ಟಿಂಗ್ ಇದೆ, ಪರದೆಯ ಅಗಲ ಎಷ್ಟು ಎಂದು ಹೇಳಲು. ನೀವು ವೇರಿಯೇಬಲನ್ನು ಬದಲಾಯಿಸಲು ಹೋದರೆ ಜಿಡಿಬಿ ಅದನ್ನು ಪರದೆಯ ಅಗಲ ಎಂದು ತಿಳಿದು, ಬರೆದದ್ದು ತಪ್ಪು ಎನ್ನುತ್ತದೆ. ಹೆಸರು ‘ಜಿ’ ಎಂದಿದ್ದರೆ ಇನ್ನೂ ಕಷ್ಟ. ‘ಜಿ’ಯಿಂದ ಶುರುವಾಗುವ ಬೇರೊಂದು ಸೆಟ್ಟಿಂಗಿನ ಮೊಟಕು ರೂಪ ಎಂದು ತಿಳಿದುಕೊಂಡು ಅದನ್ನು ಬದಲಾಯಿಸಲು ಹೋಗಿಬಿಡುತ್ತದೆ. ನಿಮ್ಮ ‘ಜಿ’ ಇದ್ದ ಹಾಗೇ ಇರುತ್ತದೆ.

ಇದನ್ನು ನಾನು ಹುಡುಕಿ ತೆಗೆದದ್ದಲ್ಲ. ಜಿಡಿಬಿಯ ಕೈಪಿಡಿಯೇ ಈ ಎರಡೂ ಉದಾಹರಣೆಗಳನ್ನು ಕೊಟ್ಟು, ಸಂಶಯ ಇದ್ದರೆ ‘ಸೆಟ್ ವಾರ್’ ಎಂದು ಬಳಸಿ ಎಂದು ಎಚ್ಚರಿಸುತ್ತದೆ. ಪ್ರಾಮಾಣಿಕವಾಗಿ ಬರೆದಿದ್ದಾರೆ, ಅದಕ್ಕೆ ಮೆಚ್ಚುಗೆ ಇದೆ. ಆದರೆ ‘ಇಲ್ಲಿ ಗುಂಡಿ ಇದೆ’ ಎಂದು ಬೋರ್ಡು ಹಾಕುವುದು ಗುಂಡಿ ಮುಚ್ಚಿದ ಹಾಗೆ ಆಗುವುದಿಲ್ಲ. ಹೊಸಬರು ಕೈಪಿಡಿ ಓದಿ ಬರುವುದಿಲ್ಲ. ಬಿದ್ದ ಮೇಲೆ ಓದುತ್ತಾರೆ.

ಒಳ್ಳೆಯದನ್ನೂ ಹೇಳಬೇಕು

ಇವೆಲ್ಲ ಕೆಟ್ಟ ಉಪಕರಣಗಳು ಎಂದು ನೀವು ತಿಳಿಯಬಾರದು. ಅವನ್ನು ಕಟ್ಟಿದವರು ತುಂಬ ಯೋಚಿಸಿದ್ದಾರೆ. ಕೆಲವನ್ನು ನೋಡಿ.

ಒಂದು: ಜಿಡಿಬಿಯಲ್ಲಿ ಖಾಲಿ ಎಂಟರ್ ಒತ್ತಿದರೆ ಹಿಂದಿನ ಕಮಾಂಡ್ ಮತ್ತೆ ನಡೆಯುತ್ತದೆ. ಹೆಜ್ಜೆ ಹೆಜ್ಜೆಯಾಗಿ ಹೋಗುವವರಿಗೆ ಇದು ಎಷ್ಟು ಅನುಕೂಲ! ಆದರೆ ‘ರನ್’ ಕಮಾಂಡ್ ಹಾಗೆ ಮತ್ತೆ ನಡೆಯುವುದಿಲ್ಲ. ಕೈತಪ್ಪಿ ಎಂಟರ್ ಒತ್ತಿದರೆ ಇಡೀ ಪ್ರೋಗ್ರಾಂ ಮೊದಲಿಂದ ಶುರುವಾಗಬಾರದಲ್ಲ. ಇದು ಬಳಸುವವರ ಬೆರಳು ಎಲ್ಲಿ ತಪ್ಪೀತು ಎಂದು ಮೊದಲೇ ಊಹಿಸಿದವರ ಕೆಲಸ.

ಎರಡು: ‘ಡಿಲೀಟ್’ ಎಂದಷ್ಟೇ ಬರೆದು ಬೇರೇನೂ ಹೇಳದಿದ್ದರೆ ಎಲ್ಲ ಬ್ರೇಕ್‌ಪಾಯಿಂಟುಗಳೂ ಹೋಗುತ್ತವೆ. ಹಾಗಾಗಿ ಜಿಡಿಬಿ ‘ಎಲ್ಲವನ್ನೂ ಅಳಿಸಲೇ?’ ಎಂದು ಒಮ್ಮೆ ಕೇಳುತ್ತದೆ. ಹೆಜ್ಜೆ ಇಡುವುದಕ್ಕೆ ಯಾರೂ ಅನುಮತಿ ಕೇಳಬೇಕಾಗಿಲ್ಲ. ಕಳೆದರೆ ಮತ್ತೆ ಸಿಗದ ವಸ್ತುವಿಗೆ ಮಾತ್ರ ಕೇಳಿದರೆ ಸಾಕು.

ಮೂರು: ಎಲ್‌ಎಲ್‌ಡಿಬಿ ಆಮೇಲೆ ಬಂದ ಡೀಬಗರ್. ಜಿಡಿಬಿಯಲ್ಲಿ ಬ್ರೇಕ್‌ಪಾಯಿಂಟ್ ಇಡಲು ‘ಬ್ರೇಕ್’, ಇಟ್ಟದ್ದನ್ನು ನೋಡಲು ‘ಇನ್ಫೋ ಬ್ರೇಕ್‌ಪಾಯಿಂಟ್ಸ್’, ತೆಗೆಯಲು ‘ಡಿಲೀಟ್’. ಒಂದೇ ವಸ್ತುವಿನ ಮೂರು ಕೆಲಸಕ್ಕೆ ಮೂರು ಕಡೆ ಹುಡುಕಬೇಕು. ಎಲ್‌ಎಲ್‌ಡಿಬಿಯಲ್ಲಿ ‘ಬ್ರೇಕ್‌ಪಾಯಿಂಟ್ ಸೆಟ್’, ‘ಬ್ರೇಕ್‌ಪಾಯಿಂಟ್ ಲಿಸ್ಟ್’, ‘ಬ್ರೇಕ್‌ಪಾಯಿಂಟ್ ಡಿಲೀಟ್’. ಮೊದಲು ವಸ್ತು, ಆಮೇಲೆ ಕೆಲಸ. ನಮಗೆ ಇದು ಹೊಸತೇ ಅಲ್ಲ. ‘ಬಾಗಿಲು ಮುಚ್ಚು’, ‘ಪುಸ್ತಕ ಕೊಡು’, ‘ದೀಪ ಹಚ್ಚು’ ಎಂದು ಕನ್ನಡ ಹೇಳುವುದೇ ಹಾಗೆ. ಬರೆಯಲು ಉದ್ದವಾಯಿತು ಎನ್ನುವವರಿಗೆ ‘ಬಿ’ ಎಂಬ ಮೊಟಕು ಹೆಸರನ್ನೂ ಅದರಲ್ಲಿ ಇಟ್ಟಿದ್ದಾರೆ. ಅಂದರೆ ಕಲಿಯುವವರಿಗೆ ಪೂರ್ತಿ ಹೆಸರು, ಕಲಿತವರಿಗೆ ಗಿಡ್ಡ ಹೆಸರು. ನನಗೆ ಮೆಚ್ಚುಗೆಯಾದ ದಾರಿ ಇದು.

ನಾಲ್ಕು: ಪೈಥಾನ್. ಮೊದಲು ಪೈಥಾನ್‌ನಿಂದ ಹೊರಬರಲು ‘ಎಕ್ಸಿಟ್’ ಎಂದು ಟೈಪ್ ಮಾಡಿದರೆ, ಆವರಣ ಚಿಹ್ನೆ ಸೇರಿಸಿ ಬರೆಯಿರಿ ಎಂಬ ಪಾಠ ಬರುತ್ತಿತ್ತು. ನೀವು ಹೊರಗೆ ಹೋಗಬೇಕು ಎಂದು ಅದಕ್ಕೆ ಅರ್ಥವಾಗಿದೆ. ಆದರೂ ಬಿಡುವುದಿಲ್ಲ! 2024ರ ಅಕ್ಟೋಬರಿನಲ್ಲಿ ಬಂದ 3.13ನೆಯ ಆವೃತ್ತಿಯ ಹೊಸ ಪ್ರಾಂಪ್ಟಿನಲ್ಲಿ ಇದನ್ನು ಸರಿಮಾಡಿದರು. ‘ಎಕ್ಸಿಟ್’ ಎಂದರೆ ಈಗ ಸುಮ್ಮನೆ ಹೊರಗೆ ಬಿಡುತ್ತದೆ. ಅದಕ್ಕೂ ಮೊದಲು, 2021ರ 3.10ನೆಯ ಆವೃತ್ತಿಯಲ್ಲಿ ತಪ್ಪು ಸಂದೇಶಗಳನ್ನೇ ತಿದ್ದಿದ್ದರು. ‘ಮಾರ್ಕ್ಸ್’ ಎಂಬ ವೇರಿಯೇಬಲ್ ಇಟ್ಟು ‘ಮಾರ್ಕ್’ ಎಂದು ಬರೆದರೆ, ಅಂಥ ಹೆಸರಿಲ್ಲ ಎಂದಷ್ಟೇ ಹೇಳಿ ಸುಮ್ಮನಾಗದೆ, ‘ನೀವು ಹೇಳಿದ್ದು ಮಾರ್ಕ್ಸ್ ಎಂದೇ?’ ಎಂದು ಕೇಳುತ್ತದೆ. ಆವರಣ ಮುಚ್ಚದೆ ಬಿಟ್ಟರೆ ಯಾವ ಆವರಣ ಮುಚ್ಚಿಲ್ಲ ಎಂದು ತೋರಿಸುತ್ತದೆ. ಒಳ್ಳೆಯ ಅಧ್ಯಾಪಕರು ನೋಟುಪುಸ್ತಕ ತಿದ್ದುವ ರೀತಿ ಇದೇ. ಬರೇ ಕೆಂಪು ಗೀಟು ಎಳೆದರೆ ಸಾಲದು, ಪಕ್ಕದಲ್ಲಿ ಎಂತ ತಪ್ಪು ಎಂದು ಬರೆಯಬೇಕು.

‘ಕಲಿತರಾಯಿತು, ಬದಲಾಯಿಸುವುದು ಯಾಕೆ?’

ಹೀಗೆ ಕೇಳುವವರು ಇದ್ದಾರೆ. ನನ್ನ ಸಹೋದ್ಯೋಗಿ ಒಬ್ಬರು ಕೇಳಿದರು: “ಸೈಕಲ್ ಕಲಿಯುವಾಗಲೂ ಬೀಳ್ತಾರೆ. ಅಷ್ಟಕ್ಕೆ ಸೈಕಲಿಗೆ ನಾಲ್ಕು ಚಕ್ರ ಇಡಬೇಕಾ ಟೀಚರೇ?” ಮಾತಿನಲ್ಲಿ ಸತ್ಯ ಇದೆ. ದಿನಕ್ಕೆ ನೂರು ಸಲ ‘ಎನ್’ ಒತ್ತುವವರಿಗೆ ಒಂದಕ್ಷರದ ಕಮಾಂಡ್ ವರವೇ ಸರಿ. ಅದನ್ನು ಕಿತ್ತುಕೊಂಡರೆ ಅವರ ಕೆಲಸ ನಿಧಾನವಾಗುತ್ತದೆ. ಹಳೆಯ ಕಮಾಂಡುಗಳನ್ನು ನಂಬಿ ಬರೆದ ಸ್ಕ್ರಿಪ್ಟುಗಳು ಎಷ್ಟೋ ಇವೆ, ಅವೆಲ್ಲ ಕೆಡುತ್ತವೆ. ಪುಸ್ತಕಗಳಲ್ಲಿ ಅಚ್ಚಾದ ಪಾಠಗಳು ಸುಳ್ಳಾಗುತ್ತವೆ.

ಹಾಗಾಗಿ ನಾನು ಹೇಳುವುದು ತೆಗೆಯಿರಿ ಎಂದಲ್ಲ, ಸೇರಿಸಿ ಎಂದು. ‘ಎನ್’ ಎಂದರೆ ಮುಂದಿನ ಸಾಲಿಗೆ ಹೋಗಲಿ. ಆದರೆ ಅದೇ ಹೆಸರಿನ ವೇರಿಯೇಬಲ್ ಆ ಜಾಗದಲ್ಲಿ ಇದ್ದರೆ, ಡೀಬಗರ್ ಒಂದೇ ಒಂದು ಸಾಲು ಹೇಳಲಿ: ‘ಮುಂದಿನ ಸಾಲಿಗೆ ಬಂದಿದ್ದೇನೆ. ಎನ್ ಎಂಬ ವೇರಿಯೇಬಲ್ ಕೂಡ ಇದೆ, ಅದರ ಬೆಲೆ ಬೇಕಾದರೆ ಪಿ ಎನ್ ಎನ್ನಿ.’ ಡೀಬಗರಿಗೆ ಇದು ದೊಡ್ಡ ಕೆಲಸವಲ್ಲ. ಆ ಕ್ಷಣದಲ್ಲಿ ಯಾವ ಯಾವ ವೇರಿಯೇಬಲ್ ಇವೆ ಎಂದು ಅದಕ್ಕೆ ಗೊತ್ತೇ ಇದೆ. ಒಂದು ಸಲ ಹೇಳಿ ಆಮೇಲೆ ಸುಮ್ಮನಿದ್ದರೂ ಸಾಕು. ಅನುಭವಿಗಳಿಗೆ ಏನೂ ನಷ್ಟವಿಲ್ಲ. ನಮ್ಮ ಹುಡುಗಿ ಮಾತ್ರ ಕೈಕಟ್ಟಿ ಕೂರುವುದಿಲ್ಲ.

ಹಾಗಾದರೆ ಕನ್ನಡದಲ್ಲಿ ಕಮಾಂಡ್ ಇದ್ದರೆ?

ನಮ್ಮ ಪತ್ರಿಕೆಯನ್ನು ಓದುವ ನೀವೆಲ್ಲ ಎರಡು ಮೂರು ಭಾಷೆಗಳ ನಡುವೆ ಬೆಳೆದವರು. ಇಲ್ಲಿ ಕಾಸರಗೋಡಿನಲ್ಲಿ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ಜತ್ತದಲ್ಲಿ ಮರಾಠಿ, ಆದೋನಿಯಲ್ಲಿ ತೆಲುಗು, ತಾಳವಾಡಿಯಲ್ಲಿ ತಮಿಳು. ಹಾಗಾಗಿ ಈ ಪ್ರಶ್ನೆ ಬಂದೇ ಬರುತ್ತದೆ.

ಒಂದು ಸಂತೋಷದ ಸಂಗತಿ ಹೇಳುತ್ತೇನೆ. ಪಿಡಿಬಿಯಲ್ಲಿ ‘ಏಲಿಯಾಸ್’ ಎಂಬ ಕಮಾಂಡ್ ಇದೆ. ಹಳೆಯ ಕಮಾಂಡಿಗೆ ನೀವೇ ಹೊಸ ಹೆಸರು ಇಡಬಹುದು. ಆ ಹೆಸರು ಕನ್ನಡ ಲಿಪಿಯಲ್ಲೇ ಇರಬಹುದು! ‘ಏಲಿಯಾಸ್’ ಎಂದು ಬರೆದು, ಜಾಗ ಬಿಟ್ಟು ‘ಮುಂದೆ’ ಎಂದು ಕನ್ನಡದಲ್ಲಿ ಟೈಪ್ ಮಾಡಿ, ಮತ್ತೆ ಜಾಗ ಬಿಟ್ಟು ‘ನೆಕ್ಸ್ಟ್’ ಎಂದು ಇಂಗ್ಲಿಷಿನಲ್ಲಿ ಬರೆದರೆ ಮುಗಿಯಿತು. ಆಮೇಲೆ ‘ಮುಂದೆ’ ಎಂದರೆ ಮುಂದಿನ ಸಾಲಿಗೆ ಹೋಗುತ್ತದೆ. ನಮ್ಮ ಮಕ್ಕಳು ‘ಒಳಗೆ’, ‘ಎಲ್ಲಿ’, ‘ನೋಡು’, ‘ಓಡು’, ‘ಸಾಕು’ ಎಂದೆಲ್ಲ ಹೆಸರಿಟ್ಟರು. ಪ್ರತಿ ಸಲ ಬರೆಯುವುದು ಬೇಡವಾದರೆ ಈ ಸಾಲುಗಳನ್ನು ‘ಡಾಟ್ ಪಿಡಿಬಿಆರ್‌ಸಿ’ ಎಂಬ ಕಡತದಲ್ಲಿ ಬರೆದಿಟ್ಟರೆ ಪಿಡಿಬಿ ತಾನೇ ಓದಿಕೊಳ್ಳುತ್ತದೆ. ವೇರಿಯೇಬಲ್ ಹೆಸರುಗಳೂ ಕನ್ನಡದಲ್ಲಿ ಇರಬಹುದು. 2008ರಲ್ಲಿ ಬಂದ ಪೈಥಾನ್ 3ರಿಂದಲೇ ಆ ಅವಕಾಶ ಇದೆ. ಟರ್ಮಿನಲ್ ಪರದೆಯಲ್ಲಿ ಒತ್ತಕ್ಷರಗಳು ಸರಿಯಾಗಿ ಕೂಡಿಕೊಳ್ಳದೆ ವಿಕಾರವಾಗಿ ಕಾಣಬಹುದು. ಒಂದು ಅಕ್ಷರಕ್ಕೆ ಒಂದು ಚೌಕ ಎಂಬ ಲೆಕ್ಕದಲ್ಲಿ ಟರ್ಮಿನಲನ್ನು ಕಟ್ಟಿದವರಿಗೆ ನಮ್ಮ ಒತ್ತಕ್ಷರ ನೆನಪಿರಲಿಲ್ಲ. ಅದೂ ತಿದ್ದಬೇಕಾದ ಒಂದು ಸಂಗತಿಯೇ.

ಆದರೆ ಆಮೇಲೆ ಏನಾಯಿತು ಕೇಳಿ. ಎರಡು ದಿನ ಕಳೆದು ಒಬ್ಬ ಹುಡುಗ ಸಾಲಿನಲ್ಲಿ ನಿಂತವರನ್ನು ಎಣಿಸುವ ಪ್ರೋಗ್ರಾಂ ಬರೆದ. ತನ್ನ ಮುಂದೆ ಎಷ್ಟು ಜನ ಇದ್ದಾರೆ ಎಂಬುದನ್ನು ‘ಮುಂದೆ’ ಎಂಬ ವೇರಿಯೇಬಲ್‌ನಲ್ಲಿ ಇಟ್ಟ. ಡೀಬಗರಿನಲ್ಲಿ ಅದರ ಬೆಲೆ ನೋಡಲು ‘ಮುಂದೆ’ ಎಂದು ಟೈಪ್ ಮಾಡಿದ. ಬೆಲೆ ಬರಲಿಲ್ಲ, ಬಾಣ ಮುಂದಿನ ಸಾಲಿಗೆ ಹೋಯಿತು!

ಇಡೀ ಲ್ಯಾಬು ನಕ್ಕಿತು. ನಾನೂ ನಕ್ಕೆ. ಆದರೆ ನನಗೆ ಇದರಿಂದ ಒಂದು ವಿಷಯ ಖಚಿತವಾಯಿತು. ತೊಂದರೆ ಇದ್ದದ್ದು ಇಂಗ್ಲಿಷಿನಲ್ಲಲ್ಲ. ಒಂದೇ ಹೆಸರಿಗೆ ಎರಡು ಅರ್ಥ ಕೊಟ್ಟು, ಯಾವುದನ್ನು ಆರಿಸಿದೆ ಎಂದು ಹೇಳದೆ ಇರುವ ವಿನ್ಯಾಸದಲ್ಲಿ. ಭಾಷೆ ಬದಲಾಯಿಸಿದ ಮಾತ್ರಕ್ಕೆ ಕೆಟ್ಟ ವಿನ್ಯಾಸ ಒಳ್ಳೆಯದಾಗುವುದಿಲ್ಲ. ಆ ಹುಡುಗ ಮತ್ತು ಆ ಹುಡುಗಿ ಒಂದೇ ಗೂಟಕ್ಕೆ ಎಡವಿದ್ದಾರೆ. ಕನ್ನಡದಲ್ಲಿ ಎಡವಿದವನು ‘ನನಗೆ ಕನ್ನಡ ಬರುವುದಿಲ್ಲ’ ಎನ್ನಲಿಲ್ಲ. “ಎಂತ ಟೀಚರ್ ಇದು, ಎರಡಕ್ಕೂ ಒಂದೇ ಹೆಸರಾ?” ಎಂದು ಡೀಬಗರನ್ನೇ ಬೈದ. ಸರಿಯಾಗಿಯೇ ಬೈದ! ಇಂಗ್ಲಿಷ್ ಕಮಾಂಡ್ ಮುಂದೆಯೂ ನೀವು ಹಾಗೆಯೇ ಬೈಯಬೇಕು ಎಂಬುದು ನನ್ನ ಆಸೆ.

ಹಾಗಾದರೆ ಕನ್ನಡ ಬೇಡವೇ? ಬೇಕು. ಆದರೆ ಎಲ್ಲಿ ಹೆಚ್ಚು ಬೇಕು ಎಂದು ಯೋಚಿಸಿ. ದಿನಬಳಕೆಯ ಕಮಾಂಡುಗಳು ಹತ್ತು ಹನ್ನೆರಡು. ಅವನ್ನು ಕಬಡ್ಡಿಯ ನಿಯಮಗಳ ಹಾಗೆ ಒಂದು ವಾರದಲ್ಲಿ ಕಲಿಯಬಹುದು. ಕಷ್ಟವಾಗುವುದು ಸಹಾಯದ ಪುಟಗಳು ಮತ್ತು ತಪ್ಪು ಸಂದೇಶಗಳು. ಅಲ್ಲಿ ಇರುವುದು ಪದವಲ್ಲ, ವಾಕ್ಯ. ಸಿಕ್ಕಿಹಾಕಿಕೊಂಡು ತಲೆ ಬಿಸಿಯಾದಾಗ ಓದುವ ವಾಕ್ಯ. ಅದು ನಮ್ಮ ಭಾಷೆಯಲ್ಲಿ ಇರಬೇಕು. ಗ್ನೂ ತಂತ್ರಾಂಶಗಳಲ್ಲಿ ಇದಕ್ಕೆ ದಾರಿ ಇದೆ. ‘ಗೆಟ್‌ಟೆಕ್ಸ್ಟ್’ ಎಂಬ ವ್ಯವಸ್ಥೆಯ ಮೂಲಕ ಪ್ರೋಗ್ರಾಮಿನ ಒಳಗಿನ ಕೋಡನ್ನು ಮುಟ್ಟದೆ ಸಂದೇಶಗಳನ್ನು ಮಾತ್ರ ಬೇರೆ ಭಾಷೆಗೆ ತರಬಹುದು. ಗ್ನೋಮ್ ಡೆಸ್ಕ್‌ಟಾಪಿನಲ್ಲಿ ‘ಕಡತ’ ಎಂಬಂಥ ಮಾತುಗಳನ್ನು ಕಂಡಿದ್ದರೆ, ಅದನ್ನು ಯಾರೋ ಕನ್ನಡಿಗರು ಕೂತು ಅನುವಾದಿಸಿದ್ದಾರೆ ಎಂದು ತಿಳಿಯಿರಿ.

ನೀವು ಮಾಡಬಹುದಾದ ಮೂರು ಕೆಲಸ

ಮೊದಲನೆಯದು ನಿಮ್ಮ ಪ್ರೋಗ್ರಾಮಿನಲ್ಲೇ ಮಾಡುವಂಥದ್ದು. ವೇರಿಯೇಬಲಿಗೆ ಒಂದಕ್ಷರದ ಹೆಸರು ಇಡಬೇಡಿ. ‘ಎನ್’ ಬದಲು ‘ವಿಷಯಗಳು’ ಎಂದಿಟ್ಟಿದ್ದರೆ ಈ ಕಥೆಯೇ ನಡೆಯುತ್ತಿರಲಿಲ್ಲ. ಕಮಾಂಡ್ ಬರೆದವರಿಗೆ ನಾವು ಹೇಳುವ ಬುದ್ಧಿ ನಮಗೂ ಅನ್ವಯಿಸಬೇಕಲ್ಲ? ನೀವು ಬರೆದ ಪ್ರೋಗ್ರಾಮನ್ನು ನಾಳೆ ಓದುವುದು ನಿಮ್ಮ ಗೆಳೆಯ, ಅಥವಾ ಮೂರು ತಿಂಗಳ ಬಳಿಕದ ನೀವೇ.

ಎರಡನೆಯದು: ಲ್ಯಾಬಿನಲ್ಲಿ ಒಂದು ನೋಟುಪುಸ್ತಕ ಇಡಿ. ಯಾವ ಕಮಾಂಡ್ ನಿಮ್ಮನ್ನು ಗಲಿಬಿಲಿ ಮಾಡಿತು ಎಂದು ಅದರಲ್ಲಿ ಬರೆಯಿರಿ. ಮೂರು ಸಾಲು ಸಾಕು. ನಾನು ಏನು ಟೈಪ್ ಮಾಡಿದೆ, ಏನಾಗುತ್ತದೆ ಎಂದುಕೊಂಡಿದ್ದೆ, ನಿಜಕ್ಕೂ ಏನಾಯಿತು. ‘ಆಗುವುದಿಲ್ಲ’ ಎಂದಷ್ಟೇ ಬರೆಯಬೇಡಿ. ತಂತ್ರಾಂಶ ಕಟ್ಟುವವರಿಗೆ ತಪ್ಪು ವರದಿ ಮಾಡುವಾಗ ಅವರು ಕೇಳುವುದೂ ಈ ಮೂರನ್ನೇ. ಪೈಥಾನ್, ಜಿಡಿಬಿ, ಎಲ್‌ಎಲ್‌ಡಿಬಿ ಮೂರೂ ಸ್ವತಂತ್ರ ತಂತ್ರಾಂಶಗಳು. ಅವಕ್ಕೆ ಯಾರು ಬೇಕಾದರೂ ವರದಿ ಕಳಿಸಬಹುದು. ಇಂಗ್ಲಿಷಿನಲ್ಲಿ ಬರೆಯಲು ನಿಮ್ಮ ಟೀಚರ್ ಸಹಾಯ ಮಾಡಲಿ. ಹೊಸಬರ ಕಣ್ಣಿಗೆ ಕಾಣುವ ಗೂಟ ಹಳಬರ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ನಿಮ್ಮ ವರದಿಗೆ ಬೆಲೆ ಇದೆ.

ಮೂರನೆಯದು: ಹತ್ತು ಕಮಾಂಡುಗಳಿಗೆ ಕನ್ನಡದಲ್ಲಿ ಒಂದು ಸಹಾಯ ಪುಟ ಬರೆಯಿರಿ. ಒಂದೊಂದಕ್ಕೂ ಎರಡೇ ವಾಕ್ಯ. ಬರೆದದ್ದನ್ನು ಎಂಟನೆಯ ತರಗತಿಯ ತಮ್ಮನೋ ತಂಗಿಯೋ ಓದಲಿ. ಅವರಿಗೆ ಅರ್ಥವಾಗದಿದ್ದರೆ ಅವರನ್ನು ಬೈಯಬೇಡಿ, ವಾಕ್ಯವನ್ನು ತಿದ್ದಿ. ಆ ಕ್ಷಣದಲ್ಲಿ ನೀವೇ ಕಮಾಂಡ್ ಕಟ್ಟುವವರ ಜಾಗದಲ್ಲಿ ನಿಂತಿರುತ್ತೀರಿ.

ನಮ್ಮ ಲ್ಯಾಬಿನಲ್ಲಿ ಆ ಹುಡುಗಿಯೇ ಮೊದಲ ಪುಟ ಬರೆದಳು. ಗೋಡೆಗೆ ಅಂಟಿಸಿದ್ದೇವೆ. ಅವಳೀಗ ಹತ್ತನೆಯ ತರಗತಿ. ಮೊನ್ನೆ ಎಂಟನೆಯ ತರಗತಿಯ ಒಬ್ಬ ಪುಟ್ಟ ಹುಡುಗ ಪಿಡಿಬಿಯಲ್ಲಿ ‘ಎನ್’ ಒತ್ತಿ ಒತ್ತಿ ಕಂಗಾಲಾಗಿ ಕುಳಿತಿದ್ದ. ಅವಳು ಹತ್ತಿರ ಹೋಗಿ ಹೇಳಿದ್ದು ನನಗೆ ಕೇಳಿಸಿತು: “ನಿಂದೆಂತ ತಪ್ಪಿಲ್ಲ ಮಾರಾಯ, ಅದಕ್ಕೆ ಆ ಹೆಸರಿನ ಕಮಾಂಡೇ ಉಂಟು. ‘ನೋಡು’ ಅಂತ ಬರೆದು ಎನ್ ಕೊಡು.”